ಪ್ರವಾಸಿ ವೀಸಾ: ಭಾರತೀಯ ಅರ್ಜಿದಾರರ ಇತಿಹಾಸ

ಪರದೇಶವನ್ನು ನೋಡಿಬರಲು ಅಥವಾ ಅಲ್ಲಿರುವ ಮಕ್ಕಳು, ನೆಂಟರಿಷ್ಟರನ್ನು ಕಂಡುಬರಲು ಹೊರಡುವವರು ಆ ದೇಶದ ಸರ್ಕಾರದಿಂದ ಮುಂಚಿತವಾಗಿ ಪಡೆಯುವ ತಾತ್ಕಾಲಿಕ ಪ್ರವೇಶಾನುಮತಿಯೇ ಪ್ರವಾಸಿ ವೀಸಾ. ಪಾಸ್‌ಪೋರ್ಟ್ ಕೊಡುವುದು ಸ್ವಂತ ದೇಶ, ವೀಸಾ ಕೊಡುವುದು ಹೋಗಬೇಕಾದ ದೇಶ. ಈ ಎರಡರ ಚರಿತ್ರೆಯನ್ನು ಬೆರೆಸಿ ಬರೆಯುವ ರೂಢಿಯಿಂದಾಗಿ, ಭಾರತೀಯರಿಗೆ ಯಾವ ಬಾಗಿಲನ್ನು ಯಾರು, ಯಾವಾಗ ಮುಚ್ಚಿದರು ಎಂಬುದು ಹಲವು ಬರಹಗಳಲ್ಲಿ ಮಸುಕಾಗಿದೆ. ಮುಖ್ಯವಾಗಿ 1962 ಮತ್ತು 1986ರ ಬ್ರಿಟಿಷ್ ಕ್ರಮಗಳು ಒಂದರೊಳಗೊಂದು ಸೇರಿಹೋಗಿವೆ. ಅವುಗಳ ನಡುವೆ ಭಾರತವೇ ಕೈಗೊಂಡ 1984ರ ಕ್ರಮವಂತೂ ಬಹುತೇಕ ಮರೆತೇಹೋಗಿದೆ.

ಮುದ್ರೆಯಿಂದ ಮಹಾಯುದ್ಧದವರೆಗೆ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ಒಂದು ಮಾಷಕ ಪಡೆದು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯಿದ್ದವನಿಗೆ ಮಾತ್ರ ಜನಪದದೊಳಗೆ ಬರಲು, ಅಲ್ಲಿಂದ ಹೊರಹೋಗಲು ಅವಕಾಶವಿತ್ತು. ಮುದ್ರೆಯಿಲ್ಲದೆ ಸಿಕ್ಕ ನಾಡಿಗನಿಗೆ 12 ಪಣ ದಂಡ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಈ ಗ್ರಂಥದ ಓಲೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಮೇಲೆ ಈ ಭಾಗ ವಿದ್ವಾಂಸರ ಗಮನಕ್ಕೆ ಬಂತು. ಇಂದಿನ ಜನಪ್ರಿಯ ಬರಹಗಳು ಇದನ್ನು ಜಗತ್ತಿನ ಮೊದಲ ವೀಸಾ ಎಂದೇ ಸಾರುತ್ತವೆ. ಈ ಹೋಲಿಕೆ ನಿಲ್ಲುವುದಿಲ್ಲ. ಮುದ್ರಾಧ್ಯಕ್ಷನ ಮುದ್ರೆ ತನ್ನ ನಾಡಿನವನಿಗೂ ಬೇಕಿತ್ತು, ಹೊರಗಿನವನಿಗೂ ಬೇಕಿತ್ತು. ಒಂದು ದೇಶ ಇನ್ನೊಂದು ದೇಶದ ನೆಲದಲ್ಲಿ ಕಚೇರಿ ತೆರೆದು, ಪ್ರಯಾಣಿಕನು ಮನೆ ಬಿಡುವ ಮೊದಲೇ ಅವನನ್ನು ಅಳೆದು ನೋಡುವ ಪದ್ಧತಿ ಅದಲ್ಲ.

ಆ ಪದ್ಧತಿ ನೆಲೆಗೊಂಡದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಯುದ್ಧಕ್ಕೆ ಮುಂಚೆ ರಷ್ಯಾ ಮತ್ತು ಆಟೊಮನ್ ಸಾಮ್ರಾಜ್ಯಗಳನ್ನು ಬಿಟ್ಟರೆ ಯುರೋಪಿನ ಬಹುಭಾಗದಲ್ಲಿ ಕಾಗದಪತ್ರವಿಲ್ಲದೆ ಓಡಾಡಬಹುದಿತ್ತು. ಗೂಢಚಾರರ ಭಯ ಇದನ್ನು ಕೊನೆಗೊಳಿಸಿತು. ಭಾರತದಲ್ಲಿ 1917ರಲ್ಲಿ ಯುದ್ಧಕಾಲದ ನಿಯಮವಾಗಿ ಬಂದದ್ದು 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆಯಾಗಿ ಕಾಯಂ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಷ್ಟ್ರಸಂಘ ಪ್ಯಾರಿಸ್‌ನಲ್ಲಿ ನಡೆಸಿದ ಸಮ್ಮೇಳನ 32 ಪುಟಗಳ ಏಕರೂಪದ ಪಾಸ್‌ಪೋರ್ಟ್ ಪುಸ್ತಿಕೆಯನ್ನು ಶಿಫಾರಸು ಮಾಡಿ, ವೀಸಾ ಶುಲ್ಕ 10 ಚಿನ್ನದ ಫ್ರಾಂಕ್ ಮೀರಬಾರದು ಎಂದಿತು. ಅಮೆರಿಕದ 1924ರ ವಲಸೆ ಕಾಯ್ದೆ ಪ್ರವಾಸಿಯನ್ನು ವಲಸಿಗನಿಂದ ಬೇರ್ಪಡಿಸಿ ಪ್ರತ್ಯೇಕ ವರ್ಗಕ್ಕೆ ಹಾಕಿತು.

ತವರಿನ ಬಾಗಿಲು

ಸ್ವಾತಂತ್ರ್ಯ ಬಂದ ಮೊದಲ 20 ವರ್ಷ ವಿದೇಶ ನೋಡಬಯಸಿದ ಭಾರತೀಯನಿಗೆ ದೊಡ್ಡ ತೊಡಕಾಗಿದ್ದದ್ದು ಪರದೇಶದ ವೀಸಾ ಅಲ್ಲ, ಸ್ವದೇಶದ ಪಾಸ್‌ಪೋರ್ಟ್. ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆ ಎಂಬ ನಿಲುವು ಆಗ ಆಡಳಿತದಲ್ಲಿತ್ತು. ಇದರ ವಿರುದ್ಧದ ಹೋರಾಟದಲ್ಲಿ ಕರ್ನಾಟಕಕ್ಕೆ ಒಂದು ಪಾತ್ರವಿದೆ, ಅದು ಸಿಗಬೇಕಾದಷ್ಟು ಗಮನ ಪಡೆದಿಲ್ಲ. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಸೇರುತ್ತದೆ ಎಂದು 1965ರಲ್ಲಿ ಮೈಸೂರು ಹೈಕೋರ್ಟ್ ತೀರ್ಪು ಕೊಟ್ಟಿತು. ಬೊಂಬಾಯಿ ಮತ್ತು ಕೇರಳದ ಹೈಕೋರ್ಟುಗಳೂ ಹೀಗೆಯೇ ಹೇಳಿದವು, ದೆಹಲಿಯದು ಬೇರೆ ದಾರಿ ಹಿಡಿಯಿತು. 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ಮೂರಕ್ಕೆ ಎರಡರ ಬಹುಮತದಿಂದ ಇದನ್ನೇ ಎತ್ತಿಹಿಡಿದ ಮೇಲೆ, ಆ ವರ್ಷದ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ಅರ್ಜಿ ತಿರಸ್ಕರಿಸಿದರೆ ಕಾರಣ ಕೊಡಬೇಕು, ಮೇಲ್ಮನವಿಗೆ ದಾರಿಯಿರಬೇಕು ಎಂಬುದು ಆಗ ಕಾನೂನಾಯಿತು.

ಕೈಗೆ ಪಾಸ್‌ಪೋರ್ಟ್ ಬಂದರೂ ವಿದೇಶಿ ಹಣ ಸಿಗುವುದು ಕಷ್ಟವಿತ್ತು. ಟಿಕೆಟ್ ಕೊಳ್ಳಲೂ ರಿಸರ್ವ್ ಬ್ಯಾಂಕಿನ ‘ಪಿ ಫಾರಂ’ ಮಂಜೂರಾಗಬೇಕಿತ್ತು. 8 ಡಾಲರ್ ಜೇಬಿನಲ್ಲಿಟ್ಟು ವಿಮಾನ ಹತ್ತಿದ ಕತೆಯನ್ನು ಆ ತಲೆಮಾರಿನ ಅನೇಕರು ಹೇಳುತ್ತಾರೆ. 2004ರ ಫೆಬ್ರುವರಿಯಲ್ಲಿ ಉದಾರ ಹಣ ರವಾನೆ ಯೋಜನೆ 25,000 ಡಾಲರ್ ಮಿತಿಯೊಂದಿಗೆ ಶುರುವಾಗಿ, ಈಗ ವರ್ಷಕ್ಕೆ 2,50,000 ಡಾಲರಿಗೆ ಏರಿದೆ. ಸಾಮಾನ್ಯ ಮಧ್ಯಮವರ್ಗದವರು ಪ್ರವಾಸಕ್ಕೆಂದೇ ವಿದೇಶಕ್ಕೆ ಹೊರಡುವುದು ಹೆಚ್ಚಿದ್ದು 1991ರ ಆರ್ಥಿಕ ಸುಧಾರಣೆಯ ನಂತರ. ಅಷ್ಟರಲ್ಲಿ ಹೊರಗಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದವು.

1962, 1984, 1986

ಬ್ರಿಟನ್ನಿನ 1962ರ ಕಾಮನ್‌ವೆಲ್ತ್ ವಲಸೆಗಾರರ ಕಾಯ್ದೆಯಿಂದ ಭಾರತೀಯರಿಗೆ ವೀಸಾ ಕಡ್ಡಾಯವಾಯಿತು ಎಂದು ಹಲವೆಡೆ ಬರೆದಿರುವುದು ಸರಿಯಲ್ಲ. ಆ ಕಾಯ್ದೆ ತಡೆದದ್ದು ದುಡಿಯಲು ಮತ್ತು ನೆಲೆಸಲು ಬರುವವರನ್ನು. ಲಂಡನ್ನಿನಲ್ಲಿರುವ ತಮ್ಮನನ್ನು ನೋಡಲು ಹೋಗುವ ಅಣ್ಣ ಆ ಬಳಿಕವೂ 24 ವರ್ಷ ಕಾಲ ವೀಸಾ ಇಲ್ಲದೆಯೇ ವಿಮಾನ ಹತ್ತಬಹುದಿತ್ತು. ಹಾಗೆಂದು ಅವನ ಹಾದಿ ಸಲೀಸಾಗಿತ್ತು ಎನ್ನುವಂತಿಲ್ಲ. ಹೀಥ್ರೂದಲ್ಲಿ ವಲಸೆ ಅಧಿಕಾರಿ ಗಂಟೆಗಟ್ಟಲೆ ಪ್ರಶ್ನಿಸಿ, ತೃಪ್ತಿಯಾಗದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಬಹುದಿತ್ತು.

ಈ ಸಂಬಂಧದಲ್ಲಿ ಮೊದಲು ವೀಸಾ ಹೇರಿದ್ದು ಭಾರತ ಎಂಬುದನ್ನು ಸ್ಪಷ್ಟವಾಗಿ ದಾಖಲಿಸಬೇಕಿದೆ. ಪಂಜಾಬಿನ ಪರಿಸ್ಥಿತಿಯ ಕಾರಣ 1984ರಲ್ಲಿ ಭಾರತ ಸರ್ಕಾರ ಬ್ರಿಟನ್ ಸೇರಿದಂತೆ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅದುವರೆಗೆ ಇದ್ದ ವಿನಾಯಿತಿಯನ್ನು ತೆಗೆದುಹಾಕಿತು. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿದ್ದ ಭಾರತೀಯ ಮೂಲದವರೂ ತವರಿಗೆ ಬರಲು ವೀಸಾ ಅರ್ಜಿ ಹಾಕಬೇಕಾಯಿತು. 1986ರ ಸೆಪ್ಟೆಂಬರಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೈಜೀರಿಯಾ ಮತ್ತು ಘಾನಾ ದೇಶಗಳ ಸಂದರ್ಶಕರಿಗೆ ವೀಸಾ ಘೋಷಿಸಿದಾಗ, ಅದರ ಸಮರ್ಥಕರಿಗೆ ಭಾರತದ ಈ ಕ್ರಮವೂ ಒಂದು ವಾದವಾಗಿ ಒದಗಿತು. ಆದರೆ ಎರಡೂ ಒಂದೇ ತೂಕದವಲ್ಲ. ಭಾರತ ಭದ್ರತೆಯ ನೆಪದಲ್ಲಿ ಎಲ್ಲ ಕಾಮನ್‌ವೆಲ್ತ್ ಪ್ರಜೆಗಳಿಗೂ ಒಂದೇ ನಿಯಮ ಮಾಡಿತ್ತು, ಬ್ರಿಟನ್ ಆಯ್ದದ್ದು ಐದು ದೇಶಗಳನ್ನು. ಆ ಐದೂ ಏಷ್ಯಾ, ಆಫ್ರಿಕಾದವು ಎಂಬುದನ್ನು ಬ್ರಿಟಿಷ್ ಸಂಸತ್ತಿನ ವಿರೋಧ ಪಕ್ಷಗಳೂ ಎತ್ತಿ ತೋರಿದವು.

ಭಾರತೀಯರಿಗೆ ಈ ನಿಯಮ ಅನ್ವಯವಾದದ್ದು ಅಕ್ಟೋಬರಿನಲ್ಲಿ. ಅದಕ್ಕೆ ಮುಂಚಿನ ದಿನಗಳಲ್ಲಿ ಹೀಥ್ರೂದ ಮೂರನೆಯ ಟರ್ಮಿನಲ್‌ಗೆ ಉಪಖಂಡದ ಪ್ರಯಾಣಿಕರು ಸಾವಿರಗಟ್ಟಲೆ ಬಂದಿಳಿದರು. ವಿಚಾರಣೆಗೆ ಕಾಯುತ್ತ ಹೆಂಗಸರು, ಮಕ್ಕಳು ನೆಲದ ಮೇಲೆಯೇ ರಾತ್ರಿ ಕಳೆದರು. ಮರುವರ್ಷ ಬ್ರಿಟನ್ ಇನ್ನೊಂದು ಕಾಯ್ದೆ ತಂದು, ಸರಿಯಾದ ದಾಖಲೆಯಿಲ್ಲದ ಪ್ರತಿ ಪ್ರಯಾಣಿಕನಿಗೆ ವಿಮಾನ ಕಂಪನಿಯ ಮೇಲೆ 1,000 ಪೌಂಡ್ ದಂಡ ವಿಧಿಸಿತು. ಚೆಕ್-ಇನ್ ಕೌಂಟರಿನಲ್ಲಿ ವಿಮಾನ ಸಂಸ್ಥೆಯ ಸಿಬ್ಬಂದಿ ಪಾಸ್‌ಪೋರ್ಟಿನ ಪುಟ ತಿರುವಿ ವೀಸಾ ಹುಡುಕುವುದರ ಹಿಂದೆ ಇರುವುದು ಇಂಥ ಕಾಯ್ದೆಗಳೇ. ಭಾರತವೂ 2000ದಲ್ಲಿ ಇದೇ ಬಗೆಯ ಕಾಯ್ದೆ ಮಾಡಿಕೊಂಡಿತು. ಹೀಗೆ ಲಂಡನ್ನಿನ ಗಡಿ ದೆಹಲಿಗೆ, ಬೊಂಬಾಯಿಗೆ, ಮದ್ರಾಸಿಗೆ ಸರಿದು ಬಂತು. ಭಾರತೀಯ ಪ್ರವಾಸಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಮರಳುವೆನೆಂಬ ಪುರಾವೆ

ಅಮೆರಿಕದ 1952ರ ವಲಸೆ ಮತ್ತು ಪೌರತ್ವ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಅಲ್ಲವೆಂದು ಅಧಿಕಾರಿಗೆ ಮನದಟ್ಟು ಮಾಡಿಕೊಡುವ ತನಕ ಪ್ರತಿ ಅರ್ಜಿದಾರನೂ ನೆಲೆಸಲು ಹೊರಟ ವಲಸಿಗನೇ. ಸಾಬೀತುಪಡಿಸುವ ಭಾರ ಅರ್ಜಿದಾರನದು. ತಿರಸ್ಕಾರಕ್ಕೆ ಮೇಲ್ಮನವಿಯಿಲ್ಲ, ಶುಲ್ಕ ಮತ್ತೆ ಕಟ್ಟಿ ಹೊಸದಾಗಿ ಅರ್ಜಿ ಹಾಕಬಹುದು, ಅಷ್ಟೆ. 2023ರ ಜೂನ್‌ನಲ್ಲಿ ಆ ಶುಲ್ಕ 160ರಿಂದ 185 ಡಾಲರಿಗೆ ಏರಿತು.

ಕನ್ನಡನಾಡಿನ ಎಷ್ಟೋ ಮನೆಗಳಿಗೆ ಈ ಕಲಮಿನ ಪರಿಚಯವಾದದ್ದು ಬಾಣಂತನದ ಮೂಲಕ. ಮಗಳ ಹೆರಿಗೆಗೆಂದು ಹೊರಡುವ ತಾಯಿಯೂ ಕಾನೂನಿನ ಲೆಕ್ಕದಲ್ಲಿ ಬಿ-2 ವರ್ಗದ ಪ್ರವಾಸಿ. ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ಚೆನ್ನೈಗೆ ಹೋಗಿ, ಬೆಳಿಗ್ಗೆ ಜೆಮಿನಿ ಸರ್ಕಲ್ಲಿನ ಕಾನ್ಸುಲೇಟ್ ಮುಂದೆ ಸರದಿಯಲ್ಲಿ ನಿಲ್ಲುವುದು ದಶಕಗಳ ಕಾಲ ವಾಡಿಕೆಯಾಗಿತ್ತು. ಫೈಲಿನಲ್ಲಿ ಬ್ಯಾಂಕ್ ಪಾಸ್‌ಬುಕ್, ಪೆನ್ಷನ್ ಆದೇಶ, ಮನೆಯ ಖಾತಾ, ತೋಟವಿದ್ದರೆ ಪಹಣಿ, ಅಳಿಯನ ಸಂಬಳದ ಚೀಟಿ ಎಲ್ಲವೂ ಇರುತ್ತಿದ್ದವು. ಗಾಜಿನ ಆಚೆ ಕೂತ ಅಧಿಕಾರಿ ಎರಡು ಮೂರು ನಿಮಿಷ ಮಾತಾಡಿಸಿ, ಬಹಳ ಸಲ ಆ ಫೈಲನ್ನು ಕೇಳದೆಯೇ ತೀರ್ಮಾನಿಸುತ್ತಿದ್ದರು. ಊರಿನಲ್ಲಿ ಏನೇನು ಆಸ್ತಿಪಾಸ್ತಿ, ಯಾರ್ಯಾರು ನಂಟರು ಎಂಬುದು ಮರಳಿ ಬರುವುದಕ್ಕೆ ಪುರಾವೆಯಾಗುವ ಈ ಪದ್ಧತಿ ಒಂಟಿ ಯುವತಿಗೆ, ಭೂಮಿಯಿಲ್ಲದವನಿಗೆ, ಕೆಲಸ ಬದಲಾಯಿಸುತ್ತಿರುವವನಿಗೆ ಮೊದಲಿನಿಂದಲೂ ಕಷ್ಟದ್ದೇ ಆಗಿದೆ. ನ್ಯೂಯಾರ್ಕ್ ಮೇಲಿನ 2001ರ ದಾಳಿಯ ನಂತರ ಬೆರಳಚ್ಚು ಕಡ್ಡಾಯವಾಯಿತು, 2004ರ ಕಾಯ್ದೆ 14ರಿಂದ 79ರ ವಯಸ್ಸಿನ ಬಹುತೇಕರಿಗೆ ಸಂದರ್ಶನವನ್ನೂ ಕಡ್ಡಾಯ ಮಾಡಿತು. ದೆಹಲಿಯಾಗಲಿ ಮುಂಬೈಯಾಗಲಿ, 2022ರ ಕೊನೆಯ ವೇಳೆಗೆ ಮೊದಲ ಸಲದ ಅರ್ಜಿದಾರ 500 ದಿನಕ್ಕಿಂತ ಹೆಚ್ಚು ಕಾಯಬೇಕಾದ ಸ್ಥಿತಿಯಿತ್ತು.

ವೀಸಾದ ಈ ಅನಿಶ್ಚಿತತೆಯ ನಡುವೆ ಹೈದರಾಬಾದಿನ ಹತ್ತಿರದ ಚಿಲ್ಕೂರು ಬಾಲಾಜಿ ‘ವೀಸಾ ಬಾಲಾಜಿ’ಯಾಗಿ ಹೆಸರಾದ. 11 ಪ್ರದಕ್ಷಿಣೆ ಹಾಕಿ ಹರಕೆ ಹೊತ್ತವರು ವೀಸಾ ಸಿಕ್ಕ ಮೇಲೆ ಮರಳಿ ಬಂದು 108 ಹಾಕುತ್ತಾರೆ.

ಖಾಸಗಿ ಕೌಂಟರುಗಳು

2001ರಲ್ಲಿ ಮುಂಬೈಯಲ್ಲಿ ಕುಯೋನಿ ಪ್ರವಾಸ ಸಂಸ್ಥೆಯ ಅಂಗವಾಗಿ ಹುಟ್ಟಿದ ವಿಎಫ್‌ಎಸ್ ಮೊದಲು ಕೈಗೆತ್ತಿಕೊಂಡದ್ದು ಅಮೆರಿಕದ ಕಾನ್ಸುಲೇಟಿನ ಅರ್ಜಿ ಸ್ವೀಕಾರದ ಕೆಲಸವನ್ನು. ಅರ್ಜಿ ತೆಗೆದುಕೊಳ್ಳುವುದು, ಶುಲ್ಕ ಪಡೆಯುವುದು, ಬೆರಳಚ್ಚು ಹಿಡಿಯುವುದು, ಪಾಸ್‌ಪೋರ್ಟ್ ಹಿಂತಿರುಗಿಸುವುದು ಖಾಸಗಿ ಕೇಂದ್ರದ ಪಾಲಿಗೆ. ತೀರ್ಮಾನ ಮಾತ್ರ ರಾಯಭಾರ ಕಚೇರಿಯದು. ಭಾರತದಲ್ಲಿ ಶುರುವಾದ ಈ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಜಗತ್ತಿನಾದ್ಯಂತ ಹರಡಿತು. ಬಿಸಿಲಿನ ಸರದಿ ತಪ್ಪಿತು, ಸೇವಾ ಶುಲ್ಕ ಸೇರಿಕೊಂಡಿತು. ಕಾರಣ ಕೇಳಲು ಹೋದವರಿಗೆ ಕೌಂಟರಿನಲ್ಲಿ ಉತ್ತರ ಕೊಡುವ ಅಧಿಕಾರವಿದ್ದವರು ಯಾರೂ ಇಲ್ಲದಾದರು. ಮಾಹಿತಿ ಸುರಕ್ಷತೆಯ ಪ್ರಶ್ನೆ 2007ರಲ್ಲಿ ಬಹಿರಂಗವಾಗಿ ಎದ್ದಿತು. ಬ್ರಿಟಿಷ್ ವೀಸಾಕ್ಕೆ ಭಾರತದಿಂದ ಆನ್‌ಲೈನ್ ಅರ್ಜಿ ಹಾಕುವ ತಾಣದಲ್ಲಿ ವಿಳಾಸ ಸಾಲಿನ ಅಂಕಿ ಬದಲಿಸಿದರೆ ಬೇರೆಯವರ ಅರ್ಜಿ ತೆರೆದುಕೊಳ್ಳುತ್ತಿತ್ತು. ಅರ್ಜಿದಾರರೊಬ್ಬರು ಇದನ್ನು 2005ರಲ್ಲೇ ತಿಳಿಸಿದ್ದರೂ ದೋಷ ಉಳಿದೇ ಇತ್ತು. ಬ್ರಿಟನ್ನಿನ ಮಾಹಿತಿ ಆಯುಕ್ತರು ವಿದೇಶಾಂಗ ಕಚೇರಿಯೇ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಉಲ್ಲಂಘಿಸಿದೆ ಎಂದು ತೀರ್ಮಾನಿಸಿದರು.

ಯುರೋಪಿನ ಷೆಂಗೆನ್ ವೀಸಾ 1995ರ ಮಾರ್ಚ್ 26ರಂದು ಏಳು ದೇಶಗಳಲ್ಲಿ ಜಾರಿಗೆ ಬಂತು. ಈಗ 29 ದೇಶಗಳಿಗೆ ಒಂದೇ ವೀಸಾ ಸಾಕು, ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಸ್ವಿಟ್ಜರ್ಲೆಂಡ್ ಸೇರಿಕೊಂಡದ್ದು 2008ರ ಡಿಸೆಂಬರಿನಲ್ಲಿ. ಭಾರತದಲ್ಲಿ ಅರ್ಜಿದಾರರ ಬೆರಳಚ್ಚು ಪಡೆಯುವುದು 2015ರ ನವೆಂಬರ್ 2ರಿಂದ ಆರಂಭವಾಯಿತು. 2007ರಲ್ಲಿ 60 ಯೂರೊ ಇದ್ದ ಶುಲ್ಕ 2020ರಲ್ಲಿ 80, 2024ರ ಜೂನ್‌ನಲ್ಲಿ 90 ಆಯಿತು. 30,000 ಯೂರೊ ಮೊತ್ತದ ವಿಮೆ ಕಡ್ಡಾಯ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾ ಕೊಡುವ ಕ್ರಮವನ್ನು ಯುರೋಪಿಯನ್ ಆಯೋಗ 2024ರ ಏಪ್ರಿಲ್‌ನಲ್ಲಿ ಒಪ್ಪಿತು.

ಇತ್ತೀಚಿನ ವರ್ಷಗಳು

ಭಾರತಕ್ಕೆ ಬರುವ ಪ್ರವಾಸಿಗಳ ದಾರಿ ಸುಗಮವಾದದ್ದು 2014ರ ನವೆಂಬರ್ 27ರಂದು. ಅಂದು 43 ದೇಶಗಳವರಿಗೆ ಬೆಂಗಳೂರು ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಇ-ವೀಸಾ ಜಾರಿಯಾಯಿತು. ಹೊರಹೋಗುವವರಿಗೆ ಇಂಥ ಸಡಿಲಿಕೆ ಸಿಕ್ಕಿದ್ದು ಹೆಚ್ಚಾಗಿ ಏಷ್ಯಾದಲ್ಲಿ: ಥಾಯ್ಲೆಂಡ್ 2023ರ ನವೆಂಬರಿನಲ್ಲಿ, ಮಲೇಷ್ಯಾ ಅದರ ಮರುತಿಂಗಳು ಭಾರತೀಯರಿಗೆ ವೀಸಾ ಬೇಡವೆಂದವು.

ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬೇಕೆಂಬುದು ಹಳೆಯ ಬೇಡಿಕೆ. 2025ರ ಜನವರಿ 17ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಮತ್ತು ರಾಯಭಾರಿ ಎರಿಕ್ ಗಾರ್ಸೆಟಿ ಅದನ್ನು ಉದ್ಘಾಟಿಸಿದಾಗ ವೀಸಾ ಸೇವೆ ಅಲ್ಲಿ ಶುರುವಾಗಿರಲಿಲ್ಲ. ಅದೇ ವರ್ಷ ಭಾರತದ 1920ರ ಕಾಯ್ದೆ ರದ್ದಾಗಿ, ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಮರುದಿನದಿಂದ ಅಮೆರಿಕ ಸಂದರ್ಶನ ವಿನಾಯಿತಿಯನ್ನು ಕಿರಿದುಗೊಳಿಸಿತು. 79 ದಾಟಿದ ಹಿರಿಯರೂ 14 ತುಂಬದ ಮಕ್ಕಳೂ ಸಾಮಾನ್ಯವಾಗಿ ಅಧಿಕಾರಿಯ ಮುಂದೆ ಖುದ್ದಾಗಿ ಹಾಜರಾಗಬೇಕು.