ಕುವೈತಿನಲ್ಲಿ ಕ್ಲೋರಿನ್: ಶುವೈಖ್‌ನ ಕಾರ್ಖಾನೆಯಿಂದ ಬಚ್ಚಲಮನೆಯವರೆಗೆ

ಗಲ್ಫಿನ ಮನೆಗಳಲ್ಲಿ ‘ಕ್ಲೋರೆಕ್ಸ್’ ಎಂದರೆ ಸಾಕು, ಯಾವ ಬಾಟಲಿ ಎಂದು ಎಲ್ಲರಿಗೂ ತಿಳಿಯುತ್ತದೆ. ಬಟ್ಟೆಯ ಕಲೆಗೂ ಅದೇ, ನೆಲಕ್ಕೂ ಅದೇ, ಕಮೋಡಿಗೂ ಅದೇ. ಅದರೊಳಗಿನ ರಾಸಾಯನಿಕ ಸೋಡಿಯಂ ಹೈಪೋಕ್ಲೋರೈಟ್. ಕುವೈತಿನಲ್ಲಿ ಇದರ ಚರಿತ್ರೆ ಕುಡಿಯುವ ನೀರಿನೊಂದಿಗೆ ಹೆಣೆದುಕೊಂಡಿದೆ.

ತೈಲ ಸಿರಿ ಬರುವ ಮೊದಲು ಕುವೈತ್ ಪಟ್ಟಣಕ್ಕೆ ಸಿಹಿನೀರು ಶತ್ತಲ್ ಅರಬ್ ನದಿಯಿಂದ ಹಾಯಿಹಡಗುಗಳಲ್ಲಿ ಬರುತ್ತಿತ್ತು. 1953ರಲ್ಲಿ ಶುವೈಖ್‌ನಲ್ಲಿ ಸಮುದ್ರದ ನೀರನ್ನು ಭಟ್ಟಿ ಇಳಿಸಿ ಸಿಹಿಮಾಡುವ ಸ್ಥಾವರ ಆರಂಭವಾಯಿತು. ಕುಡಿಯುವ ನೀರಿನ ಸೋಂಕು ಕಳೆಯಲು ಕ್ಲೋರಿನ್ ಬೇಕು, ಕ್ಲೋರಿನ್ ತಯಾರಿಸಲು ಉಪ್ಪು ಬೇಕು, ಉಪ್ಪಿಗೆ ಅಲ್ಲಿ ಬರವಿರಲಿಲ್ಲ. 1960ರ ದಶಕದಲ್ಲಿ ಅದೇ ಶುವೈಖ್‌ನಲ್ಲಿ ಉಪ್ಪು–ಕ್ಲೋರಿನ್ ಕಾರ್ಖಾನೆ ತಲೆಯೆತ್ತಿತು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದರೆ ಒಂದೆಡೆ ಕ್ಲೋರಿನ್, ಇನ್ನೊಂದೆಡೆ ಕಾಸ್ಟಿಕ್ ಸೋಡಾ ಸಿಗುತ್ತವೆ. ಇವೆರಡನ್ನು ಮತ್ತೆ ಕೂಡಿಸಿದರೆ ಹೈಪೋಕ್ಲೋರೈಟ್.

ಈ ಕಾರ್ಖಾನೆ ಬಳಸಿದ್ದು 1890ರ ದಶಕದಲ್ಲಿ ಕಾಸ್ಟ್ನರ್ ಮತ್ತು ಕೆಲ್ನರ್ ರೂಪಿಸಿದ ಪಾದರಸದ ಕೋಶಗಳನ್ನು. ಆ ಪಾದರಸದ ಒಂದಂಶ ತ್ಯಾಜ್ಯದೊಂದಿಗೆ ಕುವೈತ್ ಕೊಲ್ಲಿಗೆ ಸೇರಿತು. 1980ರ ದಶಕದಲ್ಲಿ ಶುವೈಖ್‌ನ ಉತ್ಪಾದನೆ ನಿಂತು, ಕೆಲಸ ಶುಐಬಾ ಕೈಗಾರಿಕಾ ಪ್ರದೇಶಕ್ಕೆ ಸಾಗಿದ ಮೇಲೂ ಕೊಲ್ಲಿಯ ತಳದ ಕೆಸರಿನಲ್ಲಿ ಸಂಶೋಧಕರಿಗೆ ಪಾದರಸ ಸಿಗುತ್ತಲೇ ಇತ್ತು. ನಮ್ಮ ಕಾರವಾರದವರಿಗೆ ಇದು ಪರಿಚಿತ ಕಥೆ. ಬಿಣಗಾದಲ್ಲಿ ಬಲ್ಲಾರ್‌ಪುರ ಇಂಡಸ್ಟ್ರೀಸ್‌ನ ಕಾಸ್ಟಿಕ್ ಸೋಡಾ ಕಾರ್ಖಾನೆಯೂ ಪಾದರಸದ ಕೋಶಗಳನ್ನೇ ನೆಚ್ಚಿತ್ತು, ಅಲ್ಲಿಯ ಕಡಲಿನಲ್ಲೂ ಪಾದರಸದ ಬಗ್ಗೆ ಅಧ್ಯಯನಗಳು ನಡೆದವು. ಮುಂದೆ ಎರಡೂ ಕಡೆ ಪಾದರಸ ಬೇಡದ ತಂತ್ರಜ್ಞಾನ ಬಂತು. 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದ ಈ ಉದ್ಯಮದಲ್ಲಿ ಪಾದರಸದ ಬಳಕೆ ನಿಲ್ಲಿಸಲು 2025ರ ಗಡುವು ಹಾಕಿತು.

ಕಾರ್ಖಾನೆಯ ಅಪಾಯಕ್ಕೆ ಹೀಗೆ ಒಪ್ಪಂದ, ಗಡುವು, ತಪಾಸಣೆ ಎಲ್ಲ ಬಂದವು. ಅಲ್ಲಿಂದ ಬಾಟಲಿಯಲ್ಲಿ ಮನೆ ಸೇರಿದ ಅಪಾಯವನ್ನು ಮಾತ್ರ ಅದನ್ನು ಬಳಸುವ ಮನೆಗೆಲಸದ ಹೆಂಗಸಿನ ತಲೆಗೇ ಕಟ್ಟಲಾಗಿದೆ ಎಂಬುದು ನನ್ನ ವಾದ.

ಬಚ್ಚಲಮನೆಯಲ್ಲಿ ಏನಾಗುತ್ತದೆಂದು ನೋಡೋಣ. ಮನೆಬಳಕೆಯ ಬಾಟಲಿಯಲ್ಲಿ ಹೈಪೋಕ್ಲೋರೈಟ್ ಸಾಮಾನ್ಯವಾಗಿ ಶೇ. 5ರ ಆಸುಪಾಸು. ಕ್ಷಾರ ಇರುವವರೆಗೆ ಅದು ಸ್ಥಿರ. ಕಮೋಡ್ ತೊಳೆಯುವ ಅನೇಕ ದ್ರಾವಣಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಹಠಮಾರಿ ಕಲೆ ಹೋಗಲೆಂದು ಎರಡನ್ನೂ ಒಟ್ಟಿಗೆ ಸುರಿದರೆ ಕ್ಷಾರ ಮುರಿದು ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲೇ ತಂಗುತ್ತದೆ. ಕುಕ್ಕರುಗಾಲಲ್ಲಿ ಕೂತು ಉಜ್ಜುವವರ ಮುಖ ಇರುವುದೂ ಅಲ್ಲಿಯೇ. ಫ್ಲಾಟಿನ ಬಚ್ಚಲಿಗೆ ಕಿಟಕಿಯಿಲ್ಲದಿದ್ದರೆ, ಏಸಿಯ ತಂಪು ಹೋಗದಿರಲೆಂದು ಬಾಗಿಲೂ ಮುಚ್ಚಿದ್ದರೆ ಅನಿಲಕ್ಕೆ ಹೊರದಾರಿಯೇ ಇರದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 10 ಭಾಗ ಕ್ಲೋರಿನ್ ಇದ್ದರೆ ಅದು ಜೀವಕ್ಕೂ ಆರೋಗ್ಯಕ್ಕೂ ತಕ್ಷಣದ ಅಪಾಯ ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಮಾನದಂಡ. ಹೆಚ್ಚು ಅನಿಲ ಸೇವಿಸಿದವರಿಗೆ ಕೆಮ್ಮು ಕಡಿಮೆಯಾಯಿತು ಅನ್ನಿಸಿದ ಮೇಲೂ ಕೆಲ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೆ ಕ್ಲೋರಮೈನ್ ಹುಟ್ಟುತ್ತದೆ, ಅದೂ ಉಸಿರಿಗೆ ವಿಷವೇ.

ಅನಾಹುತ ಆಗದಿದ್ದರೂ ಹಾನಿ ತಪ್ಪುವುದಿಲ್ಲ. ಬಾರ್ಸಿಲೋನಾ ಪ್ರದೇಶದ ಮನೆಗೆಲಸದ ಮಹಿಳೆಯರ ಬಗ್ಗೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ, ಬ್ಲೀಚಿನ ಹೆಚ್ಚು ಬಳಕೆಗೂ ಅಸ್ತಮಾ ಲಕ್ಷಣಗಳಿಗೂ ನಂಟು ಇದೆಯೆಂದು ತೋರಿಸಿತು. ಕುವೈತಿನ ಸೆಕೆ ಇನ್ನೊಂದು ತೊಡಕು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಉಷ್ಣಾಂಶ 10 ಡಿಗ್ರಿ ಏರಿದರೆ ಹೈಪೋಕ್ಲೋರೈಟ್ ಕೆಡುವ ವೇಗ ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಬಾಲ್ಕನಿಯಲ್ಲೋ ಕಾರಿನ ಡಿಕ್ಕಿಯಲ್ಲೋ ಇಟ್ಟ ಬಾಟಲಿ ಸತ್ವ ಕಳೆದುಕೊಳ್ಳುತ್ತದೆ, ಒಳಗೆ ಅನಿಲದ ಒತ್ತಡವೂ ಕೂಡುತ್ತದೆ. ಕಲೆ ಹೋಗಲಿಲ್ಲವೆಂದು ಆಮ್ಲ ಬೆರೆಸುವ ಆಸೆ ಹುಟ್ಟುವುದು ಇಂಥ ಹೊತ್ತಿನಲ್ಲೇ.

ಕುವೈತಿನ 2015ರ 68ನೇ ಕಾನೂನು ಮನೆಗೆಲಸದವರಿಗೆ ದಿನಕ್ಕೆ ಗರಿಷ್ಠ 12 ಗಂಟೆ ಕೆಲಸ ಮತ್ತು ವಾರದ ರಜೆ ಕೊಟ್ಟಿತು. ಅದು ದೊಡ್ಡ ಹೆಜ್ಜೆ, ಒಪ್ಪುತ್ತೇನೆ. ಆದರೆ ಬಾಟಲಿಯ ಮೇಲಿನ ಎಚ್ಚರಿಕೆ ಅರಬಿ, ಇಂಗ್ಲಿಷಿನಲ್ಲಿದೆ. ಊರಿನಲ್ಲಿ ಕನ್ನಡ ಶಾಲೆಯ ನಾಲ್ಕನೆಯ ತರಗತಿಗೆ ಓದು ಬಿಟ್ಟು ಮನೆಗೆಲಸಕ್ಕೆಂದು ಕುವೈತಿಗೆ ಹೋದವರು ಅದನ್ನು ಓದುವುದು ಹೇಗೆ?

ತಿಳಿಸಬೇಕಾದ ಸಂಗತಿ ಒಂದು ಪುಟಕ್ಕಿಂತ ಹೆಚ್ಚಿಲ್ಲ. ಬ್ಲೀಚಿಗೆ ತಣ್ಣೀರನ್ನಷ್ಟೇ ಬೆರೆಸಬೇಕು. ಬಾಗಿಲು ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಬೇಕು, ಕೈಗವಸು ತೊಡಬೇಕು. ನೀರಿನ ಬಾಟಲಿಗೆ ಅದನ್ನು ತುಂಬಿಡಲೇಬಾರದು. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು. ಘಾಟು ಬಡಿದರೆ ಎಲ್ಲ ಬಿಟ್ಟು ಹೊರಗಿನ ಗಾಳಿಗೆ ಬಂದು 112ಕ್ಕೆ ಕರೆ ಮಾಡಬೇಕು. ಕುವೈತ್ ಕನ್ನಡ ಕೂಟದವರೂ ಅಲ್ಲಿರುವ ಕರಾವಳಿಯ ಸಂಘಗಳವರೂ ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಓದಲು ಬಾರದವರಿಗೆ ಕನ್ನಡ, ತುಳು, ಕೊಂಕಣಿಯ ಧ್ವನಿಸಂದೇಶವಾಗಿ ಮೊಬೈಲಿಗೆ ಕಳುಹಿಸಲಿ. ಈ ಬೇಸಿಗೆಗೆ ಮುಂಚೆಯೇ ಆ ಕೆಲಸ ಆಗಲಿ.