ಶ್ರವ್ಯಗ್ರಂಥಗಳೂ ಲಿಖಿತಪಾಠಕರೂ

ಪಾಣಿನೀಯ ಶಿಕ್ಷೆಯಲ್ಲಿ ಆರು ಬಗೆಯ ಅಧಮಪಾಠಕರನ್ನು ಹೇಳಿದೆ. ರಾಗವೆಳೆದು ಹಾಡುವವನು, ಅವಸರಪಡುವವನು, ತಲೆಯಲ್ಲಾಡಿಸುವವನು, ಅರ್ಥವರಿಯದವನು, ಕ್ಷೀಣಕಂಠನು—ಇವರೊಡನೆ, ಬರೆದುದನ್ನು ನೋಡಿ ಓದುವ ಲಿಖಿತಪಾಠಕನನ್ನೂ ಅದೇ ಪಂಕ್ತಿಯಲ್ಲಿ ಕುಳ್ಳಿರಿಸಿದ್ದಾರೆ. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ, ಅನಂತರ ಮೂವತ್ತು ವರ್ಷಕಾಲ ಮಕ್ಕಳ ಉಚ್ಚಾರವನ್ನು ತಿದ್ದುತ್ತ ಬಂದ ನನಗೆ, ಲಿಖಿತಪಾಠಕರ ಒಂದು ದೊಡ್ಡ ಸಮುದಾಯದ ಚರಿತ್ರೆಯನ್ನು ಬರೆಯುವ ಪ್ರಸಂಗವು ಒದಗಿರುವುದು ವಿನೋದವೇ ಸರಿ.

ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಎಡಿಸನ್ ಮಹಾಶಯನು 1877ರಲ್ಲಿ ನಿರ್ಮಿಸಿದನು. ಆದರೆ ಇಡೀ ಗ್ರಂಥವೊಂದು ಅದರೊಳಗೆ ಹಿಡಿಸುವಂತಿರಲಿಲ್ಲ. ಆ ಕೊರತೆ ನೀಗಿದುದು ಅಂಧರ ನಿಮಿತ್ತವಾಗಿ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಲ್ಲಿ ಅನೇಕರಿಗೆ ಬ್ರೈಲ್ ಲಿಪಿಯು ಕೈವಶವಾಗಲಿಲ್ಲ. ಅಮೆರಿಕಾದಲ್ಲಿ 1934ರಲ್ಲಿಯೂ ಇಂಗ್ಲೆಂಡಿನಲ್ಲಿ 1935ರಲ್ಲಿಯೂ, ನಿಧಾನವಾಗಿ ತಿರುಗುವ ತಟ್ಟೆಗಳ ಮೇಲೆ ಗ್ರಂಥಗಳನ್ನು ಓದಿಸಿ ಅಂಧರಿಗೆ ಕಳುಹಿಸಲು ಪ್ರಾರಂಭಿಸಿದರು. ಇಂಗ್ಲೆಂಡಿನಲ್ಲಿ ಮೊದಲು ಹೊರಟ ಎರಡು ಗ್ರಂಥಗಳಲ್ಲಿ ಒಂದು ಜೋಸೆಫ್ ಕಾನ್ರಾಡನ ‘ಟೈಫೂನ್’. ಬಳಿಕ ಕ್ಯಾಸೆಟ್ಟುಗಳ ಕಾಲದಲ್ಲಿ ಇಂಥವು ಕಣ್ಣುಳ್ಳವರಿಗೂ ದೊರೆತವು. ಆದರೆ ಹಣ ತೆತ್ತವರಿಗೆ.

ಇದೇ ಕಾನ್ರಾಡನ ಮತ್ತೊಂದು ಕಾದಂಬರಿಯಿಂದ ಹೊಸ ಅಧ್ಯಾಯವು ಮೊದಲಾಯಿತು. ಕೆನಡಾ ದೇಶದ ಮಾಂಟ್ರಿಯಲ್ ನಗರದ ಹ್ಯೂ ಮೆಕ್‌ಗೈರ್ ಎಂಬವರು 2005ನೆಯ ಆಗಸ್ಟಿನಲ್ಲಿ, ‘ದಿ ಸೀಕ್ರೆಟ್ ಏಜೆಂಟ್’ ಎಂಬುದರ ಅಧ್ಯಾಯಗಳನ್ನು ಓದಿಕೊಡಲು ಯಾರಾದರೂ ಬರುವರೇ ಎಂದು ಅಂತರ್ಜಾಲದಲ್ಲಿ ಕೇಳಿದರು. ಹಲವರು ಬಂದರು, ಲಿಬ್ರಿವಾಕ್ಸ್ ಹುಟ್ಟಿತು. ಮೈಕೆಲ್ ಹಾರ್ಟ್ ಎಂಬವರು 1971ರಲ್ಲಿ ಆರಂಭಿಸಿದ ಗುಟೆನ್‌ಬರ್ಗ್ ಯೋಜನೆಯು ಹಳೆಯ ಗ್ರಂಥಗಳ ಪಾಠವನ್ನು ಆಗಲೇ ಸಿದ್ಧಪಡಿಸಿದ್ದಿತು. ಧ್ವನಿಗಳನ್ನು ಕಾದಿಡಲು ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರವಿದ್ದಿತು. ಬೇಕಾದುದು ಕಂಠ ಮಾತ್ರ.

ಆ ಕಂಠವನ್ನು ಪರೀಕ್ಷಿಸುವ ಕ್ರಮವೇ ನನ್ನನ್ನು ಬಹುಕಾಲ ಚಿಂತೆಗೀಡುಮಾಡಿತು. ಓದಿದುದನ್ನು ಮತ್ತೊಬ್ಬರು ಕೇಳಿ ನೋಡುವುದುಂಟು. ಸಾಲು ಬಿಟ್ಟಿದೆಯೇ, ಎರಡು ಬಾರಿ ಬಂದಿದೆಯೇ, ಗದ್ದಲವಿದೆಯೇ ಎಂದು ನೋಡುವರು; ದೇಶ್ಯೋಚ್ಚಾರವನ್ನಾಗಲಿ ಭಾವವನ್ನಾಗಲಿ ಕಾರಣಮಾಡಿ ಯಾರನ್ನೂ ತಿರಸ್ಕರಿಸರು. ಒಂದೇ ಕಾದಂಬರಿಯಲ್ಲಿ ಅಧ್ಯಾಯಕ್ಕೊಂದು ಉಚ್ಚಾರ! ಮೊದಲು ಕೇಳಿದಾಗ ನನ್ನ ಕೈ ತಾನಾಗಿ ಬೆತ್ತವನ್ನು ಹುಡುಕಿತು. ಆದರೆ ಶಿಕ್ಷಾಕಾರರು ಕಟ್ಟುಮಾಡಿದುದು ಒಂದಕ್ಷರವೂ ಕೆಡಬಾರದ ವೇದಪಾಠವನ್ನು ಕಾಯುವವರಿಗೆ. ಇಲ್ಲಿ ಉತ್ತಮಪಾಠಕರನ್ನೇ ಆರಿಸುತ್ತ ಕುಳಿತಿದ್ದರೆ, ಯಾರೂ ಹಣ ಹಾಕದ ಮರೆತ ಗ್ರಂಥಗಳು ಮೂಕವಾಗಿಯೇ ಉಳಿಯುತ್ತಿದ್ದವು. 2016ರ ವೇಳೆಗೆ ಅವರ ಪಟ್ಟಿಯು 10,000ವನ್ನು ಮುಟ್ಟಿತು. ಓದು ಮೆಚ್ಚದಿದ್ದವನು ಅದೇ ಗ್ರಂಥವನ್ನು ತಾನೇ ಮತ್ತೆ ಓದಬಹುದು. ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಕಂಡಿಲ್ಲ.

ಇನ್ನು ಯಾವ ಗ್ರಂಥ ಸರ್ವಜನರ ಸ್ವತ್ತು ಎಂಬುದು. ಅಮೆರಿಕಾದ ಕಾನೂನು ಇವರಿಗೆ ಪ್ರಮಾಣ. ಅಲ್ಲಿ 1998ರಲ್ಲಿ ಗ್ರಂಥಸ್ವಾಮ್ಯದ ಅವಧಿಯನ್ನು 20 ವರ್ಷ ಬೆಳೆಸಿದುದರಿಂದ, 1923ರಲ್ಲಿ ಪ್ರಕಟವಾದ ಗ್ರಂಥಗಳು 2019ರವರೆಗೆ ಬಿಡುಗಡೆಗೆ ಕಾದವು. ನಮ್ಮ ದೇಶದಲ್ಲಿಯೂ ರವೀಂದ್ರನಾಥ ಠಾಕೂರರ ಕೃತಿಗಳು ಬಿಡುಗಡೆ ಹೊಂದುವ ಸಮಯಕ್ಕೆ ಸರಿಯಾಗಿ, ಮರಣಾನಂತರದ 50 ವರ್ಷವನ್ನು 1992ರಲ್ಲಿ 60 ಮಾಡಿದರು.

ಓದಿದವರು ತಮ್ಮ ಧ್ವನಿಯ ಮೇಲೆ ಯಾವ ಹಕ್ಕನ್ನೂ ಇಟ್ಟುಕೊಳ್ಳುವುದಿಲ್ಲ. ಇತರರು ಅದನ್ನು ಮಾರಿಕೊಂಡರೂ ಆಕ್ಷೇಪಿಸುವಂತಿಲ್ಲ. ಅಷ್ಟೇ ಅಲ್ಲ, 2015ರಲ್ಲಿ ಈ ಇಂಗ್ಲಿಷ್ ಧ್ವನಿಗಳಿಂದ ಸುಮಾರು 1000 ಗಂಟೆಗಳಷ್ಟನ್ನು ವಿಂಗಡಿಸಿ, ಮನುಷ್ಯರ ಮಾತನ್ನು ಗ್ರಹಿಸಲು ಯಂತ್ರಗಳಿಗೆ ಕಲಿಸುವ ‘ಲಿಬ್ರಿಸ್ಪೀಚ್’ ಎಂಬ ಸಂಗ್ರಹವನ್ನು ರಚಿಸಿದರು. 2005ರಲ್ಲಿ ಮನೆಯ ಮೂಲೆಯಲ್ಲಿ ಕುಳಿತು ಓದಿದವರು, ತಮ್ಮ ಶಿಷ್ಯವರ್ಗದಲ್ಲಿ ಯಂತ್ರಗಳೂ ಸೇರುವುವೆಂದು ನೆನೆಸಿರಲಾರರು. ದಾನ ಕೊಟ್ಟ ಮೇಲೆ ಅದರ ವಿನಿಯೋಗವನ್ನು ವಿಚಾರಿಸಬಾರದೆಂಬುದು ನಿಜವಾದರೂ, ಅವರನ್ನೊಮ್ಮೆ ಕೇಳಿದ್ದರೆ ಚೆನ್ನಾಗಿತ್ತೆಂದು ನನಗೆ ತೋರುತ್ತದೆ.

1901ರಲ್ಲಿ ತೀರಿಕೊಂಡ ನಮ್ಮ ಮುದ್ದಣನ ‘ಶ್ರೀರಾಮಾಶ್ವಮೇಧಂ’ ಯಾರ ಸ್ವಾಮ್ಯಕ್ಕೂ ಒಳಪಟ್ಟುದಲ್ಲ. ಗಂಡನು ಹೆಂಡತಿಗೆ ಹೇಳಿ ಕೇಳಿಸುವ ಕಥೆಯಾದುದರಿಂದ ಅದು ಕಿವಿಗೇ ಹುಟ್ಟಿದ ಗದ್ಯ. ಮೊನ್ನೆ ಮೊಮ್ಮಗಳು ಅದರ ಮೊದಲ ಭಾಗವನ್ನು ಮೊಬೈಲಿನ ಮುಂದೆ ಓದಿದಳು. ಅವಸರಪಟ್ಟಳು; ತಲೆಯನ್ನೂ ಅಲ್ಲಾಡಿಸಿದಳು. ಮಹಾಪ್ರಾಣಗಳನ್ನು ಮಾತ್ರ ತಿದ್ದಿ, ಉಳಿದುದನ್ನು ಇದ್ದಂತೆಯೇ ಬಿಟ್ಟೆನು. ನಾಳೆ ಎರಡನೆಯ ಭಾಗ.