ಗುರುವನ್ನು ಅರಸಿ ಬಂದ ಗುರುಗಳು

ಯಡಿಯೂರು ಕೆರೆಯ ಸುತ್ತ ದಿನವೂ ಬೆಳಗ್ಗೆ ತಿರುಗಾಡುವ ಮುದುಕರಲ್ಲಿ ನಾನೂ ಒಬ್ಬ. ಯಡಿಯೂರು ಹಿಂದೆ ಬೆಂಗಳೂರಿನ ಹೊರಗಿದ್ದ ಒಂದು ಹಳ್ಳಿ. ೧೯೪೮ರಲ್ಲಿ ಜಯನಗರದ ಬಡಾವಣೆಗೆ ಅಸ್ತಿಭಾರ ಬಿದ್ದ ಮೇಲೆ ಪಟ್ಟಣವೇ ನಡೆದು ಬಂದು ಇದನ್ನು ಸುತ್ತುಗಟ್ಟಿತು. ಹೊಲಗದ್ದೆಗಳು ಹೋದವು, ಹೆಸರೂ ಕೆರೆಯೂ ಉಳಿದವು. ನನ್ನೊಡನೆ ನಡೆಯುವವರು ನಿವೃತ್ತರಾದ ಗಣಿತದ ಮೇಷ್ಟರು, ಕ್ರೈಸ್ತರು. ನಾನು ಇತಿಹಾಸ ಹೇಳಿಕೊಟ್ಟವನು. ಅವರದು ಲೆಕ್ಕ, ನನ್ನದು ಕಥೆ ಎಂದು ಮನೆಯವರು ನಗುವುದುಂಟು.

ಒಂದು ದಿನ ಮೇಷ್ಟರು ಕಲ್ಲುಬೆಂಚಿನ ಮೇಲೆ ಕುಳಿತು, “ಸ್ವಾಮಿ, ಒಂದು ಮಾತು ಕೇಳುತ್ತೇನೆ, ನಗಬಾರದು” ಎಂದರು. ಅವರ ಪತ್ನಿ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಹಿಂದಿನ ವಾರ ನಸುಕಿನಲ್ಲಿ ಪ್ರಾರ್ಥನೆಗೆ ಕುಳಿತಿದ್ದಾಗ ಬಾಯಲ್ಲಿದ್ದ ಮಾತೆಲ್ಲ ನಿಂತುಹೋಯಿತಂತೆ. ಎಷ್ಟು ಹೊತ್ತು ಹಾಗಿದ್ದರೋ ಅವರಿಗೇ ತಿಳಿಯದು. ಕೋಣೆಯಲ್ಲಿ ತಾವೊಬ್ಬರೇ ಇಲ್ಲ ಎಂದು ಮಾತ್ರ ಅನ್ನಿಸಿತಂತೆ. ದುಃಖ ಹೋಗಲಿಲ್ಲ, ಅದರ ಭಾರ ಹೋಯಿತು ಎಂದರು. ಮತ್ತೆ ಅದು ಬರಲಿಲ್ಲ. “ಅದು ದೇವರೋ, ನನ್ನ ಸಂಕಟವೇ ಕಟ್ಟಿಕೊಂಡ ವೇಷವೋ? ಗೊತ್ತಿದ್ದ ಹಿರಿಯರೊಬ್ಬರಿಗೆ ಹೇಳಿದೆ. ಡಾಕ್ಟರಿಗೆ ತೋರಿಸಿ ಎಂದರು. ನಿಮ್ಮಲ್ಲಾದರೆ ಗುರುಗಳಿದ್ದಾರೆ, ಹೋಗಿ ಕೇಳಬಹುದು. ನಾನು ಯಾರನ್ನು ಕೇಳಲಿ?”

ನನಗೆ ಉತ್ತರ ತೋಚಲಿಲ್ಲ. ಉತ್ತರ ತಿಳಿಯದಾಗ, ಇದೇ ಪ್ರಶ್ನೆಯನ್ನು ಹಿಂದೆ ಯಾರಾದರೂ ಕೇಳಿದ್ದರೆ ಎಂದು ಹುಡುಕುವುದು ಇತಿಹಾಸದ ಮೇಷ್ಟರ ಅಭ್ಯಾಸ. ಹಾಗೆ ಹುಡುಕಿದಾಗ ಕಂಡದ್ದನ್ನು ವಾಚಕರ ಮುಂದೆ ಇಡುತ್ತೇನೆ.

ಕ್ರೈಸ್ತರಲ್ಲಿ ಅನುಭಾವಕ್ಕೆ ಸ್ಥಾನವಿಲ್ಲವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ತಪ್ಪು. ಹದಿನಾರನೆಯ ಶತಮಾನದ ಸ್ಪೇನ್ ದೇಶದಲ್ಲಿ ಆವಿಲಾದ ತೆರೇಸಾ (೧೫೧೫-೧೫೮೨) ಎಂಬ ಸಂನ್ಯಾಸಿನಿಯೂ, ಆಕೆಯ ಸಹಚರರಾಗಿದ್ದ ಶಿಲುಬೆಯ ಯೋಹಾನರೂ (೧೫೪೨-೧೫೯೧) ಈ ದಾರಿಯ ಮಜಲುಗಳನ್ನು ತಾವು ನಡೆದು ಕಂಡು ಬರೆದಿಟ್ಟಿದ್ದಾರೆ. ನಮ್ಮ ದರ್ಶನಗಳಿಗೂ ಅವರ ನಿಲುವಿಗೂ ಒಂದು ಅಂತರವುಂಟು. ಜೀವವು ದೇವರಲ್ಲಿ ಒಂದಾದರೂ ಪ್ರೀತಿಸುವವನೂ ಪ್ರೀತಿಗೆ ಪಾತ್ರನಾದವನೂ ಇಬ್ಬರಾಗಿಯೇ ಉಳಿಯುತ್ತಾರೆ ಎಂಬುದು ಕ್ರೈಸ್ತರ ಮಾತು. ಅದ್ವೈತಿಗೆ ಇದು ಅರ್ಧ ದಾರಿಯಲ್ಲಿ ನಿಂತಂತೆ ಕಂಡೀತು. ಭಕ್ತಿಮಾರ್ಗದವರಿಗೆ ತಮ್ಮ ಮನೆಯ ಮಾತಿನಂತೆಯೇ ಕೇಳೀತು.

ನನಗೆ ಮುಖ್ಯವಾಗಿ ಕಂಡದ್ದು ಈ ಸಂತರ ಎಚ್ಚರ. ಬೆಳಕು ಕಂಡಿತು, ದನಿ ಕೇಳಿತು ಎಂದರೆ ಅವರು ಹಿಗ್ಗುವುದಿಲ್ಲ, ಅನುಮಾನಿಸುತ್ತಾರೆ. ಅಂಥವನ್ನು ಬಯಸಲೂ ಬೇಡ, ಬಂದರೆ ಹಿಡಿದುಕೊಂಡು ಕೂರಲೂ ಬೇಡ ಎನ್ನುವುದು ಯೋಹಾನರ ಕಟ್ಟುನಿಟ್ಟು. ಮರವನ್ನು ಹಣ್ಣಿನಿಂದ ಅರಿಯಬೇಕೆಂದು ಏಸುಕ್ರಿಸ್ತನು ಹೇಳಿದನಷ್ಟೆ? ಅನುಭವ ನಿಜವೇ ಎಂಬುದಕ್ಕೂ ಅದೇ ಒರೆಗಲ್ಲು. ಅದಾದ ಮೇಲೆ ಮನುಷ್ಯ ಬಾಗಿದನೇ, ಬೀಗಿದನೇ? ನೆರೆಯವನ ಮೇಲಿನ ಪ್ರೀತಿ ಹೆಚ್ಚಿತೇ, ಇಲ್ಲವೇ? ಇದನ್ನು ತನಗೆ ತಾನೇ ತೀರ್ಮಾನಿಸಿಕೊಳ್ಳದೆ ಮತ್ತೊಬ್ಬರ ಮುಂದೆ ಬಿಚ್ಚಿಡಬೇಕು ಎಂದು ತೆರೇಸಾ ಒತ್ತಿ ಹೇಳಿದರು. ಆ ಮತ್ತೊಬ್ಬರು ಬರಿಯ ಭಕ್ತರಾಗಿದ್ದರೆ ಸಾಲದು, ತಿಳಿದವರೂ ಆಗಿರಬೇಕು ಎಂಬುದು ಆಕೆಯ ಅಭಿಮತ. ಅರೆತಿಳಿವಿನ ಮಾರ್ಗದರ್ಶಕರಿಂದ ಆಕೆ ಪಟ್ಟ ಪಾಡು ಅಷ್ಟಿಷ್ಟಲ್ಲ.

ಆದರೆ ಸ್ಪೇನ್ ದೇಶದ ಮಾತು ನಮ್ಮ ಮೇಷ್ಟರಿಗೆ ದೂರವಾಯಿತು. ಕನ್ನಡನಾಡಿನಲ್ಲಿ ಈ ಬಗೆಯ ಅರಸಾಟ ನಡೆದಿಲ್ಲವೇ? ನಡೆದಿದೆ. ಸುಮಾರು ಮುನ್ನೂರ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದಿದೆ. ಅದರ ಮೊದಲ ಅಂಕದಲ್ಲಿ ಗುರುವನ್ನು ಹುಡುಕಿದವರು ಯಾರೂ ಇಲ್ಲ. ಗುರುವಾಗಲು ಬಂದವರೇ ಎಲ್ಲ.

೧೬೪೮ರ ಸುಮಾರಿಗೆ ಲಿಯೊನಾರ್ಡೊ ಸಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದ. ಮೈಸೂರನ್ನು ಆಗ ಆಳುತ್ತಿದ್ದವರು ಕಂಠೀರವ ನರಸರಾಜ ಒಡೆಯರು. ಅದಕ್ಕೆ ನಾಲ್ಕು ದಶಕಗಳ ಹಿಂದೆ ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ ಹಾಕಿದ್ದ ಮೇಲ್ಪಂಕ್ತಿಯನ್ನು ಹಿಡಿದು ಸಿನ್ನಮಿಯೂ ಸಂನ್ಯಾಸಿಯ ಉಡುಗೆ ತೊಟ್ಟ, ಕನ್ನಡ ಕಲಿತ. ಈ ನಾಡಿನ ಜನ ಸಂನ್ಯಾಸಿಯ ಮಾತಿಗೆ ಕಿವಿಗೊಡುತ್ತಾರೆ ಎಂಬುದನ್ನು ಅವರು ಸರಿಯಾಗಿಯೇ ಕಂಡುಕೊಂಡಿದ್ದರು. ಅವರ ತ್ಯಾಗವನ್ನು ನಾವು ಲಘುವಾಗಿ ಎಣಿಸಬಾರದು. ಆದರೂ ಆ ಉಡುಗೆ ಕೇಳುವುದಕ್ಕಿಂತ ಹೇಳುವುದಕ್ಕಾಗಿಯೇ ತೊಟ್ಟದ್ದು.

ಒಂದೂವರೆ ಶತಮಾನದ ಮೇಲೆ ಬಂದವರು ಫ್ರಾನ್ಸಿನ ಅಬ್ಬೆ ದುಬಾಯ್. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ನೆಲೆಸಿದ ಇವರು ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ಬಾಳಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸಕ್ಕೆ ದುಡಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯೋರು’ ಎಂದು ಕರೆದರು. ಹಿಂದೂಗಳ ಆಚಾರ ವ್ಯವಹಾರಗಳ ಮೇಲೆ ಅವರ ಹೆಸರಿನಲ್ಲಿ ಬಂದ ಗ್ರಂಥ ಜಗತ್ತಿನಲ್ಲೆಲ್ಲ ಓದಿಸಿಕೊಂಡಿತು. ಅದರಲ್ಲಿ ಹೆಚ್ಚಿನ ಭಾಗ ಅವರಿಗಿಂತ ಹಿಂದಿನ ಕರ್ದೂ ಎಂಬ ಪಾದ್ರಿಯ ಬರಹದಿಂದ ಬಂದದ್ದು ಎಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಅದು ಹಾಗಿರಲಿ. ೧೮೨೩ರಲ್ಲಿ ಅವರು ಹಡಗು ಹತ್ತಿದಾಗ ಮನಸ್ಸು ಒಡೆದಿತ್ತು. ಇಲ್ಲಿನ ಮೇಲುವರ್ಗದವರು ಕ್ರಿಸ್ತನ ಮಾತನ್ನು ಎಂದಿಗೂ ಒಪ್ಪಲಾರರು ಎಂದು ಬಹಿರಂಗವಾಗಿಯೇ ಬರೆದರು. ನಮ್ಮ ನಡೆಯುಡಿಗಳನ್ನೆಲ್ಲ ಅಷ್ಟು ಹತ್ತಿರದಿಂದ ಕಂಡವರು, ನಮ್ಮ ಶರಣರಿಂದ ದಾಸರಿಂದ ಕಲಿಯಬೇಕಾದದ್ದು ಏನಾದರೂ ಇದ್ದೀತೇ ಎಂದು ಕೇಳಿಕೊಂಡಂತೆ ಕಾಣುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ನಮ್ಮವರೇ ಆದ ಒಬ್ಬ ಪಾದ್ರಿ, ರೆವರೆಂಡ್ ಉತ್ತಂಗಿ ಚೆನ್ನಪ್ಪನವರು (೧೮೮೧-೧೯೬೨). ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದು ಸಭಾಪಾಲಕರಾದವರು. ೧೯೨೧ರಲ್ಲಿ ಇವರು ‘ಬನಾರಸಕ್ಕೆ ಬೆಥ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದರು. ಆ ಹೆಸರಿನಲ್ಲೇ ಒಂದು ಹೊಸತನವಿದೆ. ಬೆಥ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುತ್ತಿಲ್ಲ, ಉಪದೇಶವನ್ನೂ ಮಾಡುತ್ತಿಲ್ಲ, ವಿನಂತಿ ಮಾಡಿಕೊಳ್ಳುತ್ತಿದೆ.

ವಿನಂತಿ ಮಾಡುವವನು ಕೇಳಿಸಿಕೊಳ್ಳಲೂ ಬೇಕು. ಚೆನ್ನಪ್ಪನವರು ಊರೂರು ಅಲೆದು, ಓಲೆಗರಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ ೧೯೨೪ರಲ್ಲಿ ಪ್ರಕಟಿಸಿದರು. ಭಿಕ್ಷಾಪಾತ್ರೆ ಹಿಡಿದು ತಿರುಗಿದ ಕವಿಯ ಮಾತುಗಳಿಗಾಗಿ ಪಾದ್ರಿಯೊಬ್ಬರು ಮನೆ ಮನೆಯ ಬಾಗಿಲಲ್ಲಿ ನಿಂತರು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಸುಮ್ಮನೆ ಅಂಟಿದ್ದಲ್ಲ. ಅನಂತರ ಶರಣರ ಕಡೆಗೆ ತಿರುಗಿದರು. ಮೋಳಿಗೆ ಮಾರಯ್ಯ, ಸಿದ್ಧರಾಮ, ಆದಯ್ಯ ಮುಂತಾದವರ ವಚನಗಳನ್ನು ಸಂಪಾದಿಸಿದರು. ಕಲ್ಯಾಣದ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಸಂದೇಹ ಎದ್ದಾಗ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು ಪುಸ್ತಕ ಬರೆದವರೂ ಇವರೇ. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು.

ಇಷ್ಟಾದರೂ ಅವರು ಕ್ರಿಸ್ತನನ್ನು ಬಿಡಲಿಲ್ಲ. ಕ್ರಿಸ್ತನೇ ತಮ್ಮ ಸದ್ಗುರು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ಒಬ್ಬ ಸದ್ಗುರುವನ್ನು ನಂಬಿದ ಮಾತ್ರಕ್ಕೆ ಉಳಿದವರ ಮುಂದೆ ಕಿವಿ ಮುಚ್ಚಿಕೊಳ್ಳಬೇಕಿಲ್ಲ ಎಂದು ಬಾಳಿ ತೋರಿಸಿದರು. ಇದು ಸುಲಭದ ದಾರಿಯಲ್ಲ. ಇಂಥವರನ್ನು ಆಚೆಯವರು ನೀನು ಪಾದ್ರಿ ಎನ್ನುತ್ತಾರೆ. ಈಚೆಯವರು ನೀನು ಪಾದ್ರಿಯೇ ಎಂದು ಕೇಳುತ್ತಾರೆ.

ಇನ್ನೊಂದು ಪ್ರಸಂಗ ನಮ್ಮ ಯಡಿಯೂರಿಗೆ ಹತ್ತಿರದ್ದು. ಮೈಸೂರು ರಸ್ತೆ ಹಿಡಿದು ಹೋದರೆ ಕೆಂಗೇರಿ ಎಷ್ಟು ದೂರ? ೧೯೫೫ರಲ್ಲಿ ಅಲ್ಲಿಗೆ ಬೀಡ್ ಗ್ರಿಫಿತ್ಸ್ ಎಂಬ ಇಂಗ್ಲಿಷ್ ಸಂನ್ಯಾಸಿ ಬಂದು ನಿಂತರು. ಆಕ್ಸ್‌ಫರ್ಡಿನಲ್ಲಿ ಓದಿದವರು, ಬೆನೆಡಿಕ್ಟನ ಪಂಥದ ಮಠದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದ್ದವರು. ಬೆನೆಡಿಕ್ಟ್ ಆಲಪ್ಪಟ್ ಎಂಬ ಭಾರತೀಯ ಸಂನ್ಯಾಸಿಯೊಡನೆ ಸೇರಿ ಕೆಂಗೇರಿಯಲ್ಲಿ ಮಠ ಕಟ್ಟಬೇಕೆಂಬುದು ಅವರ ಉದ್ದೇಶ. ಹಿಂದಿನವರಂತೆ ಇವರು ಕಲಿಸಲು ಬಂದವರಲ್ಲ. ಪಶ್ಚಿಮದ ಬುದ್ಧಿಗೆ ಕೊರತೆಯಾಗಿ ಕಂಡ ಏನನ್ನೋ ಪೂರ್ವದಲ್ಲಿ ಅರಸಿ ಬಂದವರು.

ಕೆಂಗೇರಿಯ ಹಳ್ಳಿಗರು ಅವರಿಗೆ ಮೊದಲ ಪಾಠ ಹೇಳಿದರು; ಹೇಳಿದ್ದು ಹಳ್ಳಿಗರಿಗೂ ಗೊತ್ತಿರಲಿಲ್ಲ. ತಮ್ಮ ದೇಶದ ಲೆಕ್ಕದಲ್ಲಿ ಗ್ರಿಫಿತ್ಸ್ ಬಡವರಾಗಿಯೇ ಬದುಕುತ್ತಿದ್ದರು. ಆದರೆ ಸುತ್ತಲಿನ ಗುಡಿಸಲುಗಳ ಲೆಕ್ಕದಲ್ಲಿ ಆ ಬಡತನ ಸಿರಿವಂತಿಕೆಯಾಗಿತ್ತು. ಬಡತನದ ವ್ರತ ತೊಟ್ಟವನಿಗೆ ಬಡತನವೆಂದರೇನೆಂದು ತಿಳಿದಿಲ್ಲ ಎಂಬುದು ಅವರಿಗೆ ಹೊಳೆಯಿತು. ಕೆಂಗೇರಿಯ ಪ್ರಯತ್ನ ಕೈಗೂಡಲಿಲ್ಲ. ೧೯೫೮ರಲ್ಲಿ ಅವರು ಕೇರಳದ ಬೆಟ್ಟಗಳಿಗೆ ಹೋಗಿ, ಬೆಲ್ಜಿಯಂ ದೇಶದ ಫ್ರಾನ್ಸಿಸ್ ಮಾಹ್ಯೂ ಅವರೊಡನೆ ಕುರಿಶುಮಲೆಯ ಆಶ್ರಮ ಕಟ್ಟುವುದರಲ್ಲಿ ಸೇರಿದರು. ಅಲ್ಲಿ ಕಾವಿ ಉಟ್ಟರು, ಬರಿಗಾಲಲ್ಲಿ ನಡೆದರು, ನೆಲದ ಮೇಲೆ ಕುಳಿತು ಉಂಡರು. ಸಿನ್ನಮಿ ತೊಟ್ಟದ್ದೂ ಸಂನ್ಯಾಸಿಯ ಉಡುಗೆಯೇ, ಇವರು ಉಟ್ಟದ್ದೂ ಅದೇ. ಆದರೆ ಗುರುವಾಗಬೇಕೆಂದು ಉಟ್ಟದ್ದು ಒಂದು, ಶಿಷ್ಯನಾಗಬೇಕೆಂದು ಉಟ್ಟದ್ದು ಇನ್ನೊಂದು.

೧೯೬೮ರಲ್ಲಿ ಅವರು ತಮಿಳುನಾಡಿನ ಕುಳಿತ್ತಲೆಯ ಬಳಿಯ ಶಾಂತಿವನಕ್ಕೆ ಹೋದರು. ನಮ್ಮ ಕಾವೇರಿಯೇ ಅಲ್ಲಿಯೂ ಹರಿಯುವುದು. ೧೯೫೦ರಲ್ಲಿ ಆ ಆಶ್ರಮವನ್ನು ಕಟ್ಟಿದ ಇಬ್ಬರು ಫ್ರೆಂಚ್ ಪಾದ್ರಿಗಳಲ್ಲಿ ಒಬ್ಬರಾದ ಆನ್ರಿ ಲ ಸೋ, ಅಭಿಷಿಕ್ತಾನಂದರೆಂದು ಹೆಸರಾದವರು, ರಮಣ ಮಹರ್ಷಿಗಳ ಸನ್ನಿಧಿಯಲ್ಲಿ ಕುಳಿತು ಎದೆ ಕಲಕಿಸಿಕೊಂಡಿದ್ದವರು. ಅಲ್ಲಿ ಕಂಡದ್ದನ್ನು ಅಲ್ಲಗಳೆಯಲಾರದೆ, ಕ್ರಿಸ್ತನನ್ನು ಬಿಡಲಾರದೆ ಅವರು ಪಟ್ಟ ತಳಮಳ ಅವರ ದಿನಚರಿಯ ಪುಟಪುಟದಲ್ಲಿದೆ. ಎರಡು ದೋಣಿಗಳ ಮೇಲೆ ಕಾಲಿಟ್ಟವರೆಂದು ಅವರನ್ನು ಕೆಲವರು ಜರೆದರು. ೧೯೬೫ರಲ್ಲಿ ವ್ಯಾಟಿಕನ್ನಿನ ಮಹಾಸಭೆ, ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ತಾನು ತಿರಸ್ಕರಿಸುವುದಿಲ್ಲ ಎಂದು ಸಾರಿದ ಮೇಲೆ ಆ ಜರೆಯುವಿಕೆಯ ಮೊನೆ ಸ್ವಲ್ಪ ಮೊಂಡಾಯಿತು. ತಳಮಳ ಮಾತ್ರ ಯಾವ ಘೋಷಣೆಯಿಂದಲೂ ತೀರುವಂಥದ್ದಲ್ಲ.

ಇದನ್ನೆಲ್ಲ ನಾನು ಮೇಷ್ಟರಿಗೆ ನಾಲ್ಕಾರು ಬೆಳಗಿನಲ್ಲಿ ಕಂತುಕಂತಾಗಿ ಹೇಳಿದೆ. ಕೊನೆಗೆ ಅವರು, “ಕಥೆ ಚೆನ್ನಾಗಿದೆ. ಲೆಕ್ಕದ ಉತ್ತರ ಎಲ್ಲಿ?” ಎಂದರು.

ನನಗೆ ತೋರಿದ್ದನ್ನು ಹೇಳಿದೆ. “ಆ ನಸುಕಿನಲ್ಲಿ ಬಂದದ್ದು ಏನು ಎಂದು ನಾನು ಹೇಳಲಾರೆ, ಮೇಷ್ಟ್ರೇ. ನಿಮ್ಮ ತೆರೇಸಮ್ಮನ ಒರೆಗಲ್ಲು ನಿಮ್ಮ ಕೈಯಲ್ಲೇ ಇದೆ. ಅದಾದ ಮೇಲೆ ನೀವೇನಾದಿರಿ ನೋಡಿಕೊಳ್ಳಿ. ಇನ್ನು ಯಾರನ್ನು ಕೇಳಬೇಕೆಂದರೆ, ಗುರುವಾಗಲು ಆತುರಪಡುವವರನ್ನು ಬಿಡಿ. ಇನ್ನೊಬ್ಬರ ಬಾಗಿಲಲ್ಲಿ ತಿರುಕನಾಗಿ ನಿಂತವರು ಯಾರಾದರೂ ಸಿಕ್ಕಿದರೆ ಅವರ ಮುಂದೆ ಬಿಚ್ಚಿಡಿ. ಅವರು ಯಾವ ಮತದವರಾದರೂ ಚಿಂತೆಯಿಲ್ಲ.”

ಅವರು ಬಹಳ ಹೊತ್ತು ನೀರನ್ನು ನೋಡುತ್ತಿದ್ದರು. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ, “ನನ್ನ ತಂಗಿಯ ಜೊತೆ ಆಸ್ತಿಯ ವಿಚಾರದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷ. ಆ ಬೆಳಗಾದ ಮೂರನೆಯ ದಿನ ಅವಳಿಗೆ ಕಾಗದ ಬರೆದೆ. ಯಾಕೆ ಬರೆದೆನೋ ಆಗ ತಿಳಿದಿರಲಿಲ್ಲ” ಎಂದರು.

“ಉತ್ತರ ಬಂತೇ?”

“ಇನ್ನೂ ಇಲ್ಲ. ಈ ಭಾನುವಾರ ನಾನೇ ಹೋಗುತ್ತೇನೆ.”

ಹೋಗಿ ಬಂದರೋ ಇಲ್ಲವೋ, ತಂಗಿ ಬಾಗಿಲು ತೆರೆದಳೋ ಇಲ್ಲವೋ, ಅದನ್ನು ಬರೆಯುವ ಹಕ್ಕು ನನಗಿಲ್ಲ. ಆದರೆ ಅಂದು ಕೆರೆಯಿಂದ ಮನೆಗೆ ತಿರುಗುವಾಗ, ಗುರುವಿನ ಪ್ರಶ್ನೆಯನ್ನು ಅವರು ಮತ್ತೆ ಎತ್ತಲಿಲ್ಲ. ನನಗೂ ಒಬ್ಬ ತಮ್ಮನಿದ್ದಾನೆ, ಅವನಿಗೆ ಕಾಗದ ಬರೆದು ಬಹಳ ಕಾಲವಾಯಿತು ಎಂಬುದು ನನ್ನ ನೆನಪಿಗೆ ಬಂತು.